ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ: ಎಡಿಸಿಯ ಬೆನ್ನಿಗಿರುವ ಡಿಜಿಟಲ್ ಫಿಲ್ಟರು

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ. ಅನಲಾಗ್ ಸಂಕೇತವನ್ನು ಅಂಕಿಗಳಾಗಿ ಬದಲಿಸುವ ಎಡಿಸಿ, ಮತ್ತು ಅದರ ಬೆನ್ನಿಗೇ ಕುಳಿತು ಆ ಅಂಕಿಗಳನ್ನು ಸೋಸುವ, ನಮ್ಮ ಅಗತ್ಯಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದಾದ ಡಿಜಿಟಲ್ ಫಿಲ್ಟರು ಆ ವಿಷಯ. ಪತ್ರಗಳು ಕಲಬುರಗಿ, ಸೇಡಂ, ಬೀದರ್ ಮತ್ತು ಯಾದಗಿರಿ ಕಡೆಯಿಂದ ಬಂದಿವೆ. ಪ್ರಶ್ನೆಗಳನ್ನು ಸಂಕ್ಷೇಪಿಸಿದ್ದೇವೆ, ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. ತೊಗರಿಬೇಳೆಯ ಒಂದು ಕಿಲೋ ಪಾಕೀಟುಗಳನ್ನು ಪರೀಕ್ಷಿಸಲು ಲೋಡ್ ಸೆಲ್ (ತೂಕವನ್ನು ವಿದ್ಯುತ್ ಸಂಕೇತವಾಗಿಸುವ ಸೆನ್ಸರ್) ಮತ್ತು ಎಚ್‌ಎಕ್ಸ್ 711 ಎಂಬ ಎಡಿಸಿ ಚಿಪ್ಪು ಬಳಸಿ ಒಂದು ಕಾಟಾ ಮಾಡಿದ್ದೇನೆ. ಮಿಲ್ಲು ನಿಂತಿರುವಾಗ ಅಂಕಿ ಅಲುಗುವುದಿಲ್ಲ. ಜರಡಿ ಓಡಲು ಶುರುವಾದರೆ ಕೊನೆಯ ಎರಡು ಅಂಕಿಗಳು ಕುಣಿಯುತ್ತವೆ. ಜರಡಿ ನಿಮಿಷಕ್ಕೆ 360 ಸಲ ಆಡುತ್ತದೆ, ಅದರ ಮೋಟಾರು 1440 ಆರ್‌ಪಿಎಂನದು. ಸೆಕೆಂಡಿಗೆ 10 ರೀಡಿಂಗ್ ಇಟ್ಟರೂ ಕುಣಿತ ಹೋಗಲಿಲ್ಲ, 80 ಇಟ್ಟರೆ ಇನ್ನೂ ಹೆಚ್ಚಾಯಿತು. 24 ಬಿಟ್ಟಿನ ಚಿಪ್ಪಿನಲ್ಲಿ ಹೀಗಾಗಬಹುದೇ? ಸರಾಸರಿ ತೆಗೆಯುವ ಪ್ರೋಗ್ರಾಮನ್ನು ನಾನೇ ಬರೆದರೆ ಎಷ್ಟು ರೀಡಿಂಗುಗಳನ್ನು ಕೂಡಿಸಬೇಕು?

ಉತ್ತರ: ನಿಮ್ಮ ಪತ್ರದಲ್ಲಿ 360 ಮತ್ತು 1440 ಎಂಬ ಎರಡು ಅಂಕಿಗಳು ಇರುವುದರಿಂದಲೇ ಉತ್ತರ ಹೇಳಲು ಸಾಧ್ಯವಾಗಿದೆ. ಬಹಳಷ್ಟು ಜನ ಎಷ್ಟು ಬಿಟ್ಟು ಎಂದು ಮಾತ್ರ ಬರೆಯುತ್ತಾರೆ, ಯಾವ ಕಂಪನ ಎಂದು ಬರೆಯುವುದಿಲ್ಲ. 24 ಬಿಟ್ಟು ಎನ್ನುವುದು ಅಂಕಿಯ ಉದ್ದವೇ ಹೊರತು ಅದರ ಸ್ಥಿರತೆಯಲ್ಲ. ಲೋಡ್ ಸೆಲ್ಲಿನ ಕೆಳಗಿನ ನೆಲವೇ ಅಲುಗುತ್ತಿದ್ದರೆ ಚಿಪ್ಪು ಆ ಅಲುಗಾಟವನ್ನು 24 ಬಿಟ್ಟುಗಳಷ್ಟು ನಿಷ್ಠೆಯಿಂದ ಅಳೆದು ತೋರಿಸುತ್ತದೆ.

ಜರಡಿಯ 360 ಎಂದರೆ ಸೆಕೆಂಡಿಗೆ 6, ಅಂದರೆ 6 ಹರ್ಟ್ಸ್. ಮೋಟಾರಿನ 1440 ಎಂದರೆ 24 ಹರ್ಟ್ಸ್. ಇವುಗಳ ಜೊತೆಗೆ ವಿದ್ಯುತ್ ಮಾರ್ಗದ 50 ಹರ್ಟ್ಸ್ ಮತ್ತು ಅದರ ಇಮ್ಮಡಿಯಾದ 100 ಹರ್ಟ್ಸ್. ಈ ನಾಲ್ಕು ಆವರ್ತನಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಮುಂದಿನದನ್ನು ಓದಿ.

ಸೆಕೆಂಡಿಗೆ 10 ರೀಡಿಂಗ್ ಇಟ್ಟಾಗ ಚಿಪ್ಪಿನೊಳಗಿನ ಫಿಲ್ಟರು 50 ಮತ್ತು 60 ಹರ್ಟ್ಸ್ ಎರಡನ್ನೂ ಅಳಿಸುತ್ತದೆ, ಏಕೆಂದರೆ ಎರಡೂ 10ರ ಗುಣಿತಗಳು. ಆದರೆ 6 ಹರ್ಟ್ಸ್ 10ರ ಗುಣಿತವಲ್ಲ. ಒಂದು ಹತ್ತಾಂಶ ಸೆಕೆಂಡಿನ ಸರಳ ಸರಾಸರಿ ಆ ಕಂಪನವನ್ನು ಹೆಚ್ಚುಕಡಿಮೆ ಅರ್ಧಕ್ಕಷ್ಟೇ ಇಳಿಸುತ್ತದೆ. ಮೇಲಾಗಿ ಸೆಕೆಂಡಿಗೆ 10 ಸ್ಯಾಂಪಲ್‌ಗಳಿಂದ 5 ಹರ್ಟ್ಸ್‌ಗಿಂತ ಮೇಲಿನದನ್ನು ಸರಿಯಾಗಿ ತೋರಿಸಲು ಆಗುವುದಿಲ್ಲವಾದ್ದರಿಂದ, ಉಳಿದ 6 ಹರ್ಟ್ಸ್ ಮಡಚಿಕೊಂಡು 4 ಹರ್ಟ್ಸ್‌ನ ವೇಷದಲ್ಲಿ ಡಿಸ್‌ಪ್ಲೇಗೆ ಬರುತ್ತದೆ. ನೀವು ನೋಡಿದ ಕುಣಿತ ಇದೇ. ಒಮ್ಮೆ 4 ಹರ್ಟ್ಸ್ ಆದ ಮೇಲೆ ಅದು ಜರಡಿಯದೋ ಬೇರೆಯದೋ ಎಂದು ಯಾವ ಪ್ರೋಗ್ರಾಮಿಗೂ ತಿಳಿಯುವುದಿಲ್ಲ.

ಆದ್ದರಿಂದ ಕುಣಿತ ಹೆಚ್ಚು ಕಂಡರೂ 80ರ ದರವನ್ನೇ ಆರಿಸಿಕೊಳ್ಳಿ. ಅಲ್ಲಿ 6 ಹರ್ಟ್ಸ್ 6 ಆಗಿಯೇ, 24 ಹರ್ಟ್ಸ್ 24 ಆಗಿಯೇ ಉಳಿಯುತ್ತವೆ. 50 ಹರ್ಟ್ಸ್ ಮಾತ್ರ 30 ಆಗಿ ಮಡಚಿಕೊಳ್ಳುತ್ತದೆ, 100 ಹರ್ಟ್ಸ್ 20 ಆಗುತ್ತದೆ. ಹಾಗಾಗಿ ನಿಮ್ಮ ಪ್ರೋಗ್ರಾಮು ಅಳಿಸಬೇಕಾದವು 6, 20, 24 ಮತ್ತು 30. ಸರಾಸರಿ ತೆಗೆಯುವ ಫಿಲ್ಟರಿನ ಗುಣವೆಂದರೆ, ಸರಾಸರಿಯ ಅವಧಿಯಲ್ಲಿ ಪೂರ್ಣ ಸಂಖ್ಯೆಯ ಸುತ್ತುಗಳನ್ನು ಮುಗಿಸುವ ಪ್ರತಿಯೊಂದು ಆವರ್ತನವೂ ಸೊನ್ನೆಯಾಗುತ್ತದೆ. 40 ರೀಡಿಂಗುಗಳ ಸರಾಸರಿ ಎಂದರೆ ಅರ್ಧ ಸೆಕೆಂಡು. ಆಗ 2 ಹರ್ಟ್ಸ್‌ನ ಎಲ್ಲ ಗುಣಿತಗಳೂ ಅಳಿಯುತ್ತವೆ, ನಮ್ಮ ಪಟ್ಟಿಯ ನಾಲ್ಕೂ ಅದರಲ್ಲಿ ಬರುತ್ತವೆ. ನೀವು ಕೇಳಿದ ಪ್ರಶ್ನೆಗೆ ನೇರ ಉತ್ತರ ಇದು: 40. ಸುಮ್ಮನೆ 32 ಅಥವಾ 64 ಎಂದು ಹಾಕುವವರು ಭಾಗಾಕಾರ ಸುಲಭವಾಗಲೆಂದು ಹಾಗೆ ಮಾಡುತ್ತಾರೆ. ನಿಮ್ಮ ಜರಡಿಗೆ ಆ ಸಂಖ್ಯೆಗಳ ಪರಿಚಯವಿಲ್ಲ.

ಆದರೆ ಪಾಕೀಟು ಇಟ್ಟ ಮೇಲೆ ಅರ್ಧ ಸೆಕೆಂಡು ಕಾಯುವುದು ಪ್ಯಾಕಿಂಗ್ ಸಾಲಿನಲ್ಲಿ ದುಬಾರಿ. ಅದಕ್ಕೆ ಇನ್ನೊಂದು ದಾರಿಯಿದೆ. ಮೊದಲು 13 ರೀಡಿಂಗುಗಳ ಚಲಿಸುವ ಸರಾಸರಿ, ಅದರ ಫಲಿತಾಂಶದ ಮೇಲೆ 8 ರೀಡಿಂಗುಗಳ ಚಲಿಸುವ ಸರಾಸರಿ. ಮೊದಲನೆಯದರ ಸೊನ್ನೆ 6.15 ಹರ್ಟ್ಸ್‌ನಲ್ಲಿ ಬೀಳುತ್ತದೆ, ಎರಡನೆಯದರದು 10, 20, 30ರಲ್ಲಿ. ಎರಡೂ ಸೇರಿ 6 ಹರ್ಟ್ಸ್ ಕಂಪನವನ್ನು ಸುಮಾರು 75ರಲ್ಲಿ ಒಂದು ಪಾಲಿಗೆ, 24 ಹರ್ಟ್ಸನ್ನು 200ರಲ್ಲಿ ಒಂದು ಪಾಲಿಗಿಂತ ಕೆಳಗೆ ಇಳಿಸುತ್ತವೆ. ಒಟ್ಟು ಬೇಕಾಗುವುದು 20 ರೀಡಿಂಗು, ಅಂದರೆ ಕಾಲು ಸೆಕೆಂಡು. ಕಾಗದದ ಮೇಲೆ 40ರ ಸರಾಸರಿಯೇ ಶ್ರೇಷ್ಠ, ಅದರಲ್ಲಿ ಪೂರ್ಣ ಸೊನ್ನೆಯಿದೆ. ಆದರೆ ಬೇಳೆಯ ಭಾರ ಹೆಚ್ಚುಕಡಿಮೆಯಾದಂತೆ ಜರಡಿಯ ವೇಗ 5.8ರಿಂದ 6.2ರವರೆಗೆ ಓಲಾಡಿದರೆ 40ರ ಸರಾಸರಿಯೂ ಸುಮಾರು 30 ಡೆಸಿಬೆಲ್‌ಗೆ, ಅಂದರೆ ಮೂವತ್ತರಲ್ಲಿ ಒಂದು ಪಾಲಿಗೆ, ಬಂದು ನಿಲ್ಲುತ್ತದೆ. 13 ಮತ್ತು 8ರ ಜೋಡಿಯ ಅತಿ ಕೆಟ್ಟ ಸ್ಥಿತಿಯೂ ಅಷ್ಟೇ. ಸಮಯ ಮಾತ್ರ ಅರ್ಧ. ನಾನಾಗಿದ್ದರೆ ಜೋಡಿಯನ್ನೇ ಆರಿಸುತ್ತಿದ್ದೆ.

ಬರೆಯುವಾಗ ಗಮನಿಸಬೇಕಾದ ಕೆಲವು ಮಾತುಗಳಿವೆ. ಪ್ರತಿ ಸಲವೂ 13 ಅಂಕಿಗಳನ್ನು ಕೂಡಿಸುವ ಅಗತ್ಯವಿಲ್ಲ. ಹೊಸದನ್ನು ಕೂಡಿ ಹಳೆಯದನ್ನು ಕಳೆಯಿರಿ. ಆ ಮೊತ್ತವನ್ನು ಪೂರ್ಣಾಂಕದಲ್ಲಿಯೇ ಇಡಿ, ಫ್ಲೋಟ್‌ನಲ್ಲಿ ಇಟ್ಟರೆ ದಿನವಿಡೀ ಕೂಡಿ ಕಳೆಯುವಾಗ ಉಳಿಯುವ ಚೂರುಪಾರು ಸೇರಿಕೊಂಡು ಸಂಜೆಯ ಹೊತ್ತಿಗೆ ಸೊನ್ನೆ ಜರುಗಿರುತ್ತದೆ. 24 ಬಿಟ್ಟಿನ ರೀಡಿಂಗನ್ನು 13 ಮತ್ತು 8ರಿಂದ ಹಿಗ್ಗಿಸಿದರೆ 31 ಬಿಟ್ಟಾಗುತ್ತದೆ, ಆದ್ದರಿಂದ 32 ಬಿಟ್ಟಿನ ಸಂಖ್ಯೆ ಸಾಕು. ಭಾಗಾಕಾರವನ್ನು ಕೊನೆಯಲ್ಲಿ ಒಮ್ಮೆ ಮಾತ್ರ ಮಾಡಿ. ಸ್ಟಾರ್ಟರ್ ಬಿದ್ದಾಗ ಬರುವ ಒಂಟಿ ಸ್ಪೈಕಿಗೆ ಸರಾಸರಿ ಮದ್ದಲ್ಲ, ಅದು ಸ್ಪೈಕನ್ನು ಎಲ್ಲ ರೀಡಿಂಗುಗಳಿಗೂ ಹಂಚುತ್ತದೆ. ಅದಕ್ಕಾಗಿ ಸರಾಸರಿಗೆ ಮುನ್ನ ಮೂರು ರೀಡಿಂಗುಗಳಲ್ಲಿ ನಡುವಿನದನ್ನು ಆರಿಸುವ ಮೀಡಿಯನ್ ಇಡಿ. ಪಾಕೀಟು ಇಟ್ಟಾಗ ರೀಡಿಂಗು ಒಮ್ಮೆಲೇ ಬಹಳ ಜಿಗಿದರೆ ಹಳೆಯ ಸಂಗ್ರಹವನ್ನು ಬಿಸಾಡಿ ಹೊಸದಾಗಿ ತುಂಬಲು ಶುರು ಮಾಡಿ.

ಇಷ್ಟೆಲ್ಲ ಲೆಕ್ಕ ನಿಂತಿರುವುದು ದರ ನಿಜವಾಗಿ 80 ಎಂಬ ನಂಬಿಕೆಯ ಮೇಲೆ. ಚಿಪ್ಪಿನ ಒಳಗಿನ ಆಸಿಲೇಟರನ್ನು ಬಳಸಿದಾಗ ದರ ಸ್ವಲ್ಪ ಆಚೀಚೆ ಇರುತ್ತದೆ, ಅದರೊಂದಿಗೆ ಸೊನ್ನೆಗಳೂ ಜರುಗುತ್ತವೆ. ಒಂದು ನಿಮಿಷದಲ್ಲಿ ಎಷ್ಟು ರೀಡಿಂಗು ಬಂದವೆಂದು ಮೈಕ್ರೋಕಂಟ್ರೋಲರಿನಿಂದಲೇ ಎಣಿಸಿ, ಸಿಕ್ಕ ದರಕ್ಕೆ ಮೇಲಿನ ಲೆಕ್ಕವನ್ನು ಮತ್ತೆ ಮಾಡಿ, ಅಥವಾ 11.0592 ಮೆಗಾಹರ್ಟ್ಸ್‌ನ ಕ್ರಿಸ್ಟಲ್ ಹಾಕಿ. ಇನ್ನೊಂದು ಮಾತು, ನೀವು ಕೇಳದಿದ್ದರೂ: ಈ ಕಾಟಾವನ್ನು ಮಿಲ್ಲಿನೊಳಗಿನ ತಪಾಸಣೆಗೆ ಇಟ್ಟುಕೊಳ್ಳಿ. ವ್ಯಾಪಾರದ ತೂಕಕ್ಕೆ ಬಳಸುವ ಯಂತ್ರಕ್ಕೆ ಕಾನೂನು ಮಾಪನ ಶಾಸ್ತ್ರ ಇಲಾಖೆಯ ಮುದ್ರೆ ಬೇಕು.

ಪ್ರಶ್ನೆ: ಸೇಡಂ ಸಮೀಪದ ಸಿಮೆಂಟ್ ಕಾರ್ಖಾನೆಯಲ್ಲಿ ನಿರ್ವಹಣೆಯ ಕೆಲಸ ಮಾಡುತ್ತೇನೆ. ಗೇರ್‌ಬಾಕ್ಸಿನ ಕಂಪನವನ್ನು ಮೈಕ್ರೋಕಂಟ್ರೋಲರಿನ 12 ಬಿಟ್ಟಿನ ಎಡಿಸಿಯಿಂದ ಸೆಕೆಂಡಿಗೆ 1000 ಸಲ ಓದುತ್ತಿದ್ದೇವೆ. 200 ಹರ್ಟ್ಸ್‌ನಲ್ಲಿ ದೊಡ್ಡ ಗೆರೆ ಕಾಣುತ್ತದೆ, ಆದರೆ ಆ ವೇಗದ ಯಾವ ಭಾಗವೂ ಅಲ್ಲಿಲ್ಲ. ಹಲ್ಲುಗಳ ಲೆಕ್ಕದಂತೆ ಗೇರ್ ಕೂಡುವ ಆವರ್ತನ ಸುಮಾರು 800 ಹರ್ಟ್ಸ್. ಡಿಜಿಟಲ್ ಫಿಲ್ಟರಿನಿಂದ ಆ 200 ಅನ್ನು ತೆಗೆಯಬಹುದೇ?

ಉತ್ತರ: ತೆಗೆಯಬಹುದು, ಆದರೆ ತೆಗೆಯಬೇಡಿ. ಅದು ನಿಮ್ಮ ಗೇರೇ. 1000ದಿಂದ 800 ಕಳೆದರೆ ಉಳಿಯುವ 200 ಅದು. ಅನುಮಾನವಿದ್ದರೆ ಸ್ಯಾಂಪಲಿಂಗ್ ದರವನ್ನು 1100ಕ್ಕೆ ಏರಿಸಿ ನೋಡಿ. ಗೆರೆ 300ಕ್ಕೆ ಸರಿದರೆ ಅದು ಮಡಚಿಕೊಂಡು ಬಂದದ್ದು, ಅಲ್ಲಿಯೇ ನಿಂತರೆ ನಿಜವಾದ 200. ನೈಕ್ವಿಸ್ಟ್ 1928ರಲ್ಲಿ ತಂತಿ ಸಂದೇಶಗಳ ವಿಷಯದಲ್ಲಿ ಕಂಡುಕೊಂಡ ಮತ್ತು ಶಾನನ್ 1949ರಲ್ಲಿ ಪ್ರಮೇಯವಾಗಿ ಸ್ಪಷ್ಟವಾಗಿ ಬರೆದ ಮಿತಿ ಇದು, ಎಡಿಸಿಯ ನಂತರ ಕೂರುವ ಯಾವ ಫಿಲ್ಟರೂ ಇದನ್ನು ದಾಟಲಾರದು.

ನಿಮಗೆ 2 ಕಿಲೋಹರ್ಟ್ಸ್‌ವರೆಗಿನ ಕಂಪನ ಬೇಕಿದ್ದರೆ ಎಡಿಸಿಯನ್ನು ಸೆಕೆಂಡಿಗೆ 64,000 ಸಲ ಓಡಿಸಿ, ಅದರ ಮುಂದೆ 2 ಕಿಲೋಹರ್ಟ್ಸ್‌ನ ಎರಡು ಆರ್‌ಸಿ ಹಂತಗಳನ್ನು (ರೆಸಿಸ್ಟರ್ ಮತ್ತು ಕೆಪಾಸಿಟರ್ ಸೇರಿದ ಸರಳ ಅನಲಾಗ್ ಫಿಲ್ಟರುಗಳನ್ನು) ನಡುವೆ ಬಫರ್ ಇಟ್ಟು ಹಾಕಿ. ಆಗ ಮಡಚಿಕೊಂಡು ಬರಬಹುದಾದ ಅತಿ ಹತ್ತಿರದ ಆವರ್ತನ 62 ಕಿಲೋಹರ್ಟ್ಸ್. ಅಲ್ಲಿ ಆ ಎರಡು ಹಂತಗಳು ಸುಮಾರು 60 ಡೆಸಿಬೆಲ್ ಇಳಿಸುತ್ತವೆ. ಆಮೇಲೆ ಡಿಜಿಟಲ್ ಫಿಲ್ಟರಿನಿಂದ ಸೋಸಿ ದರವನ್ನು ಸ್ವಲ್ಪ ಸಡಿಲವಾಗಿ 5 ಅಥವಾ 6 ಸಾವಿರಕ್ಕೆ ಇಳಿಸಿಕೊಳ್ಳಿ. ದುಬಾರಿ ಅನಲಾಗ್ ಫಿಲ್ಟರಿನ ಕೆಲಸವನ್ನು ಅಗ್ಗದ ಗಣಿತಕ್ಕೆ ವಹಿಸುವ ಈ ಕ್ರಮದಲ್ಲಿ ಇನ್ನೊಂದು ಲಾಭವೂ ಇದೆ: ಗದ್ದಲ ಎಲ್ಲ ಆವರ್ತನಗಳಲ್ಲೂ ಸಮನಾಗಿ ಹರಡಿದ್ದರೆ ಪ್ರತಿ ನಾಲ್ಕು ಪಟ್ಟು ಹೆಚ್ಚುವರಿ ಸ್ಯಾಂಪಲಿಂಗಿಗೆ ಒಂದು ಬಿಟ್ಟಿನಷ್ಟು ನಿಖರತೆ ಸಿಗುತ್ತದೆ.

ಪ್ರಶ್ನೆ: ಬೀದರ್‌ನಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ನಮ್ಮ ಪ್ರಾಜೆಕ್ಟಿನಲ್ಲಿ ಎರಡನೇ ದರ್ಜೆಯ ಸಿಗ್ಮಾ-ಡೆಲ್ಟಾ ಮಾಡ್ಯುಲೇಟರು 2.048 ಮೆಗಾಹರ್ಟ್ಸ್ ವೇಗದಲ್ಲಿ ಒಂದೊಂದೇ ಬಿಟ್ಟನ್ನು ಕೊಡುತ್ತದೆ. ಅದನ್ನು ಎಫ್‌ಪಿಜಿಎಯಲ್ಲಿ (ಬೇಕಾದ ಸರ್ಕ್ಯೂಟನ್ನು ನಾವೇ ತುಂಬಬಹುದಾದ ಚಿಪ್ಪಿನಲ್ಲಿ) ಸೋಸಿ ಸೆಕೆಂಡಿಗೆ 8000 ಸ್ಯಾಂಪಲ್ ಮಾಡಬೇಕು, 3.4 ಕಿಲೋಹರ್ಟ್ಸ್‌ವರೆಗಿನ ಧ್ವನಿ ಕೆಡಬಾರದು. ಫಿಲ್ಟರಿನ ಗುಣಾಂಕಗಳನ್ನು, ಅಂದರೆ ಸ್ಯಾಂಪಲ್‌ಗಳನ್ನು ಗುಣಿಸುವ ಸಂಖ್ಯೆಗಳನ್ನು, ಹೊರಗಿನಿಂದ ಬದಲಿಸುವಂತಿರಬೇಕು ಎಂದು ನಮ್ಮ ಗೈಡ್ ಹೇಳಿದ್ದಾರೆ. ಚಲಿಸುವ ಸರಾಸರಿಗಳನ್ನು ಸಾಲಾಗಿ ಜೋಡಿಸಿದಂತಿರುವ ಸಿಐಸಿ ಫಿಲ್ಟರ್ ಒಂದರಲ್ಲೇ ದರವನ್ನು 256 ಪಟ್ಟು ಇಳಿಸಿಬಿಟ್ಟರೆ ಆಗದೇ? ತನ್ನದೇ ಹಳೆಯ ಫಲಿತಾಂಶಗಳನ್ನು ಮತ್ತೆ ಬಳಸುವ ಐಐಆರ್ ಫಿಲ್ಟರ್ ಹಾಕಿದರೆ ಗುಣಕಗಳು (ಗುಣಿಸುವ ಸರ್ಕ್ಯೂಟುಗಳು) ಕಡಿಮೆ ಸಾಕಲ್ಲವೇ?

ಉತ್ತರ: ಮೊದಲು ಸಿಐಸಿಯ ಮಾತು. ಹೋಗೆನಾರ್ 1981ರಲ್ಲಿ ಪ್ರಕಟಿಸಿದ ಈ ರಚನೆಯಲ್ಲಿ ಗುಣಾಕಾರವೇ ಇಲ್ಲ, ಕೂಡುವುದು ಮತ್ತು ಕಳೆಯುವುದು ಮಾತ್ರ. ಅದಕ್ಕಾಗಿಯೇ ಅತಿ ವೇಗದ ಮೊದಲ ಹಂತಕ್ಕೆ ಅದನ್ನು ಮೀರಿಸುವಂಥದ್ದು ಇನ್ನೊಂದಿಲ್ಲ. ಎರಡನೇ ದರ್ಜೆಯ ಮಾಡ್ಯುಲೇಟರಿಗೆ ಒಂದು ದರ್ಜೆ ಹೆಚ್ಚು, ಅಂದರೆ ಮೂರನೇ ದರ್ಜೆಯ ಸಿಐಸಿ ಇಡುವುದು ರೂಢಿ. ಆದರೆ ಅದರಲ್ಲೇ 256 ಪಟ್ಟು ಇಳಿಸಿದರೆ 3.4 ಕಿಲೋಹರ್ಟ್ಸ್‌ನಲ್ಲಿ ನಿಮ್ಮ ಧ್ವನಿಯೇ 8 ಡೆಸಿಬೆಲ್‌ಗಿಂತ ಹೆಚ್ಚು ಕುಗ್ಗುತ್ತದೆ, 4.6 ಕಿಲೋಹರ್ಟ್ಸ್‌ನ ಬೇಡದ ಸದ್ದು ಬರೀ 16 ಡೆಸಿಬೆಲ್ ಇಳಿದು ಅದೇ 3.4ರ ಮೇಲೆ ಬಂದು ಕೂರುತ್ತದೆ. ಕುಗ್ಗಿದ್ದನ್ನು ಮುಂದೆ ಎತ್ತಿಕೊಳ್ಳಬಹುದು, ಬೆರೆತದ್ದನ್ನು ಬೇರ್ಪಡಿಸಲಾಗದು.

ಇದರ ಇನ್ನೊಂದು ತುದಿಯೂ ಅಷ್ಟೇ ಕಷ್ಟ. ಎಲ್ಲವನ್ನೂ ಒಂದೇ ಎಫ್‌ಐಆರ್‌ನಿಂದ (ಬಂದ ಸ್ಯಾಂಪಲ್‌ಗಳನ್ನು ಮಾತ್ರ ಗುಣಾಂಕಗಳಿಂದ ಗುಣಿಸಿ ಕೂಡುವ ಫಿಲ್ಟರಿನಿಂದ) 2.048 ಮೆಗಾಹರ್ಟ್ಸ್‌ನಲ್ಲೇ ಮಾಡಲು ಹೊರಟರೆ ಎಷ್ಟು ಗುಣಾಂಕ ಬೇಕೆಂದು ಅಂದಾಜಿಸಲು ಒಂದು ಸುಲಭ ಸೂತ್ರವಿದೆ: ಬೇಕಾದ ಇಳಿತವನ್ನು ಡೆಸಿಬೆಲ್‌ನಲ್ಲಿ ತೆಗೆದುಕೊಂಡು, 22ರಿಂದ ಮತ್ತು ದಾಟುವ ಪಟ್ಟಿ (ಉಳಿಸಬೇಕಾದ ಆವರ್ತನಗಳಿಗೂ ಅಳಿಸಬೇಕಾದವಕ್ಕೂ ನಡುವಿನ ಅಂತರ) ಸ್ಯಾಂಪಲಿಂಗ್ ದರದ ಎಷ್ಟನೇ ಪಾಲೋ ಅದರಿಂದ ಭಾಗಿಸುವುದು. ನಿಮ್ಮ ದಾಟುವ ಪಟ್ಟಿ 3.4ರಿಂದ 4.6ರವರೆಗೆ, 1.2 ಕಿಲೋಹರ್ಟ್ಸ್. 60 ಡೆಸಿಬೆಲ್‌ಗೆ ಸುಮಾರು 4,650 ಗುಣಾಂಕ ಬೇಕಾಗುತ್ತವೆ. ಇದೇ ಕೆಲಸವನ್ನು ದರ 16 ಕಿಲೋಹರ್ಟ್ಸ್‌ಗೆ ಇಳಿದ ಮೇಲೆ ಮಾಡಿದರೆ 37 ಸಾಕು. ಹಂತಹಂತವಾಗಿ ಇಳಿಸುವುದರ ಇಡೀ ತರ್ಕ ಈ ಎರಡು ಸಂಖ್ಯೆಗಳಲ್ಲಿದೆ.

ಹಾಗಾಗಿ ನಾನು ಹೀಗೆ ಕಟ್ಟುತ್ತಿದ್ದೆ. ಸಿಐಸಿಯಲ್ಲಿ 32 ಪಟ್ಟು ಮಾತ್ರ ಇಳಿಸಿ 64 ಕಿಲೋಹರ್ಟ್ಸ್‌ಗೆ ಬರುವುದು. ಅಲ್ಲಿ ಧ್ವನಿಯ ಕುಗ್ಗುವಿಕೆ 0.12 ಡೆಸಿಬೆಲ್, ಮಡಚಿಕೊಂಡು ಬರುವುದರ ಇಳಿತ 75 ಡೆಸಿಬೆಲ್. ನಂತರ ಎರಡು ಹಾಫ್‌ಬ್ಯಾಂಡ್ ಫಿಲ್ಟರುಗಳು, 7 ಮತ್ತು 11 ಗುಣಾಂಕಗಳವು, ದರವನ್ನು 32ಕ್ಕೆ ಮತ್ತು 16ಕ್ಕೆ ತರುತ್ತವೆ. ಅವುಗಳಲ್ಲಿ ನಡುವಿನದನ್ನು ಹೊರತುಪಡಿಸಿ ಒಂದು ಬಿಟ್ಟು ಒಂದರಂತೆ ಗುಣಾಂಕಗಳು ಸೊನ್ನೆಯಾಗಿರುವುದರಿಂದ ಖರ್ಚು ತೀರ ಕಡಿಮೆ. ಕೊನೆಯಲ್ಲಿ 37 ಗುಣಾಂಕಗಳ ಎಫ್‌ಐಆರ್, ಅದರೊಂದಿಗೆ 8 ಕಿಲೋಹರ್ಟ್ಸ್. ಹೊರಗಿನಿಂದ ಬದಲಾಯಿಸಲು ಬಿಡಬೇಕಾದದ್ದು ಈ ಕೊನೆಯ ಹಂತದ ಗುಣಾಂಕಗಳು ಮತ್ತು ಸಿಐಸಿಯ ಇಳಿಕೆಯ ಸಂಖ್ಯೆ ಮಾತ್ರ. ಎಲ್ಲವನ್ನೂ ಪ್ರೋಗ್ರಾಮೆಬಲ್ ಮಾಡುವ ಹುಮ್ಮಸ್ಸು ಪ್ರಾಜೆಕ್ಟ್ ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ, ಪರೀಕ್ಷಿಸುವಾಗ ಬೆವರಿಳಿಸುತ್ತದೆ.

ಸಿಐಸಿಯ ಇಳಿಕೆಯನ್ನು ಬದಲಿಸಲು ಬಿಟ್ಟರೆ ಅಗಲವನ್ನು ಅತಿ ದೊಡ್ಡ ಸಂಖ್ಯೆಗೆ ಲೆಕ್ಕ ಹಾಕಬೇಕು. 256ರವರೆಗೆ ಬಿಡುವುದಾದರೆ ಮೂರನೇ ದರ್ಜೆಯಲ್ಲಿ ಬೆಳವಣಿಗೆ ಮೂರು ಸಲ 8, ಅಂದರೆ 24 ಬಿಟ್ಟು, ಕೂಡು ಒಂದು, ಕಳೆ ಒಂದು ಎಂಬ ಒಳಬರುವ ಬೆಲೆಗೆ 2 ಬಿಟ್ಟು, ಒಟ್ಟು 26. ಕೂಡುವ ರಿಜಿಸ್ಟರುಗಳು ತುಂಬಿ ಉರುಳುತ್ತಲೇ ಇರುತ್ತವೆ, ಗಾಬರಿಯಾಗಬೇಡಿ. ಋಣ ಸಂಖ್ಯೆಗಳನ್ನೂ ಬರೆಯುವ ಟೂಸ್ ಕಾಂಪ್ಲಿಮೆಂಟ್ ಪದ್ಧತಿಯಲ್ಲಿ ಅಗಲ ಸಾಕಷ್ಟಿದ್ದರೆ ಕಳೆಯುವ ಭಾಗದಲ್ಲಿ ಲೆಕ್ಕ ತಾನಾಗಿ ಸರಿಹೋಗುತ್ತದೆ. ಅಲ್ಲಿ ಉರುಳಬಾರದೆಂದು ಸ್ಯಾಚುರೇಶನ್ ಲಾಜಿಕ್ ಸೇರಿಸುವವರಿದ್ದಾರೆ. ಫಿಲ್ಟರು ಕೆಡುವುದು ಅದರಿಂದಲೇ. ಇನ್ನು ಫಿಲ್ಟರಿನ ಒಟ್ಟು ಗೇನ್ ಇಳಿಕೆಯ ಸಂಖ್ಯೆಯ ಘನ. 32ಕ್ಕೆ ಅದು 15 ಬಿಟ್ಟಿನ ಶಿಫ್ಟ್, 64ಕ್ಕೆ 18. ಆದರೆ ಬಳಕೆದಾರ 100 ಎಂದು ಬರೆದರೆ ಗೇನ್ 10 ಲಕ್ಷವಾಗುತ್ತದೆ, 20 ಬಿಟ್ಟಿನ ಶಿಫ್ಟು 10,48,576ರಿಂದ ಭಾಗಿಸುತ್ತದೆ, ಫಲಿತಾಂಶ ನಾಲ್ಕೂವರೆ ಶೇಕಡಾದಷ್ಟು ಕಡಿಮೆ ಬರುತ್ತದೆ. ಆದ್ದರಿಂದ ಇಳಿಕೆಯ ರಿಜಿಸ್ಟರಿನ ಪಕ್ಕದಲ್ಲಿ ಶಿಫ್ಟಿಗೊಂದು, ಸಣ್ಣ ತಿದ್ದುಪಡಿಗೊಂದು ರಿಜಿಸ್ಟರ್ ಇರಲಿ.

ಎಫ್‌ಐಆರ್‌ಗೆ ಒಂದೇ ಗುಣಕ ಸಾಕು. 2.048 ಮೆಗಾಹರ್ಟ್ಸ್‌ನ ಗಡಿಯಾರದಲ್ಲಿ ಪ್ರತಿ 8 ಕಿಲೋಹರ್ಟ್ಸ್ ಫಲಿತಾಂಶಕ್ಕೆ 256 ಟಿಕ್‌ಗಳು ಸಿಗುತ್ತವೆ; 37 ಗುಣಾಂಕಗಳು ಎರಡೂ ಕಡೆ ಸಮವಾಗಿರುವುದರಿಂದ ಒಂದೇ ಗುಣಾಂಕ ಬೀಳುವ ಎರಡೆರಡು ಸ್ಯಾಂಪಲ್‌ಗಳನ್ನು ಮೊದಲೇ ಕೂಡಿಕೊಂಡರೆ 19 ಗುಣಾಕಾರ ಮಾತ್ರ. ಇಷ್ಟು ಬಿಡುವು ಇರುವಾಗ ಮೆಮೊರಿಯಲ್ಲಿ 127 ಗುಣಾಂಕಗಳವರೆಗೆ ಜಾಗ ಬಿಡಿ; ಅರ್ಧವನ್ನಷ್ಟೇ, ಅಂದರೆ 64 ಪದಗಳನ್ನು, ಸಂಗ್ರಹಿಸಿದರಾಯಿತು. ಅರ್ಧವನ್ನೇ ಸಂಗ್ರಹಿಸುವುದರಿಂದ ಹೊರಗಿನವರು ಏನೇ ಬರೆದರೂ ಸಮತೆ ಕೆಡುವುದಿಲ್ಲ, ಎಲ್ಲ ಆವರ್ತನಗಳ ವಿಳಂಬವೂ ಒಂದೇ ಆಗಿರುತ್ತದೆ.

ಗುಣಾಂಕಗಳನ್ನು ಓಡುತ್ತಿರುವ ಫಿಲ್ಟರಿಗೆ ಒಂದೊಂದಾಗಿ ಬರೆಯಲು ಬಿಡಬೇಡಿ. ಅರ್ಧ ಹಳೆಯವು, ಅರ್ಧ ಹೊಸವು ಸೇರಿದ ಫಿಲ್ಟರು ಯಾರೂ ವಿನ್ಯಾಸ ಮಾಡಿದ್ದಲ್ಲ. ಎರಡು ಬ್ಯಾಂಕ್ ಇಡಿ. ಒಂದು ಕೆಲಸದಲ್ಲಿರುವಾಗ ಇನ್ನೊಂದಕ್ಕೆ ಬರೆಯಲಿ, ಎಲ್ಲ ಮುಗಿದ ಮೇಲೆ ಒಂದು ಬಿಟ್ಟನ್ನು ಎತ್ತಿದರೆ ಮುಂದಿನ ಫಲಿತಾಂಶದ ಅಂಚಿನಲ್ಲಿ ಬ್ಯಾಂಕು ಬದಲಾಗಲಿ. ಇಲ್ಲಿ ಎಫ್‌ಐಆರ್‌ನ ಒಂದು ಸೊಗಸು ಕಾಣುತ್ತದೆ. ಅದರ ನೆನಪಿನಲ್ಲಿರುವುದು ಬಂದ ಸ್ಯಾಂಪಲ್‌ಗಳು ಮಾತ್ರ. ನೀವು ಯಾವಾಗಲೂ ಹಿಂದಿನ 127 ಸ್ಯಾಂಪಲ್‌ಗಳನ್ನು ಇಟ್ಟುಕೊಂಡಿದ್ದರೆ ಬ್ಯಾಂಕು ಬದಲಾದ ಮೊದಲ ಫಲಿತಾಂಶವೇ ಸರಿಯಾಗಿರುತ್ತದೆ, ಕಾಯಬೇಕಿಲ್ಲ. ವಿಳಂಬ ಮಾತ್ರ ಬದಲಾಗುತ್ತದೆ, 37ಕ್ಕೆ 18 ಸ್ಯಾಂಪಲ್, 127ಕ್ಕೆ 63; ಅಲೆ ಆ ಗಳಿಗೆಯಲ್ಲಿ ಸುಮಾರು ಮೂರು ಮಿಲಿಸೆಕೆಂಡು ಹಿಂದೆ ಜಿಗಿದಂತೆ ಕಾಣುತ್ತದೆ. ಸಿಐಸಿಯ ಇಳಿಕೆಯನ್ನು ಬದಲಿಸಿದರೆ ಮಾತ್ರ ನೆನಪಿನಲ್ಲಿರುವ ಸ್ಯಾಂಪಲ್‌ಗಳು ಹಳೆಯ ದರದವಾದ್ದರಿಂದ ಎಲ್ಲವನ್ನೂ ತೊಳೆದು ಹೊಸದಾಗಿ ತುಂಬಬೇಕು. ಅಷ್ಟು ಹೊತ್ತು ಫಲಿತಾಂಶ ನಂಬುವಂತಿಲ್ಲ ಎಂದು ತಿಳಿಸುವ ಒಂದು ಫ್ಲ್ಯಾಗ್ ಇಡಿ. ಐಐಆರ್ ಬಗ್ಗೆ ನನ್ನ ಅಭಿಪ್ರಾಯವೂ ಇಲ್ಲಿಂದಲೇ ಬರುತ್ತದೆ. ಅದರಲ್ಲಿ ಹಳೆಯ ಫಲಿತಾಂಶಗಳೇ ನೆನಪಿನಲ್ಲಿರುತ್ತವೆ, ಗುಣಾಂಕ ಬದಲಾದಾಗ ಅವು ಹೊಸ ಫಿಲ್ಟರಿಗೆ ಹೊಂದುವುದಿಲ್ಲ. ತಪ್ಪು ಗುಣಾಂಕ ಬಿದ್ದರೆ ಫಿಲ್ಟರೇ ಆಸಿಲೇಟರ್ ಆಗಬಹುದು. ಹೊರಗಿನವರ ಕೈಗೆ ಗುಣಾಂಕ ಕೊಡುವ ವಿನ್ಯಾಸದಲ್ಲಿ ನಾನು ಐಐಆರ್ ಇಡುವುದಿಲ್ಲ.

ಸಂಖ್ಯೆಗಳ ಅಗಲದ ವಿಷಯ: ಎಫ್‌ಪಿಜಿಎಗಳಲ್ಲಿ 18 ಬಿಟ್ಟಿನ ಸಿದ್ಧ ಗುಣಕಗಳು ಸಾಮಾನ್ಯ. ದತ್ತಾಂಶಕ್ಕೆ 17 ಬಿಟ್ಟು ಇಟ್ಟರೆ ಎರಡು ಸ್ಯಾಂಪಲ್‌ಗಳನ್ನು ಮೊದಲೇ ಕೂಡಿದಾಗ ಬರುವ 18 ಬಿಟ್ಟು ಸರಿಯಾಗಿ ಹಿಡಿಯುತ್ತದೆ. ಗುಣಾಂಕಕ್ಕೆ 16 ಬಿಟ್ಟು, ಕೂಡುವ ರಿಜಿಸ್ಟರಿಗೆ 40 ಬಿಟ್ಟು ಇಟ್ಟರೆ ನಿಶ್ಚಿಂತೆ. 16 ಬಿಟ್ಟಿನಲ್ಲಿ ಒಂದು ಎಂಬುದು 32768. ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿದ ಗುಣಾಂಕಗಳನ್ನು ಪೂರ್ಣಾಂಕ ಮಾಡಿದ ಮೇಲೆ ಎಲ್ಲವನ್ನೂ ಕೂಡಿ ನೋಡಿ. ಮೊತ್ತ 32765 ಬಂದರೆ ಉಳಿದ 3 ಅನ್ನು ನಡುವಿನ ಗುಣಾಂಕಕ್ಕೆ ಸೇರಿಸಿ, ಇಲ್ಲದಿದ್ದರೆ ಸ್ಥಿರ ವೋಲ್ಟೇಜಿನ ಅಳತೆ ಸದಾ ಕೂದಲೆಳೆಯಷ್ಟು ತಪ್ಪಿರುತ್ತದೆ. ಕೊನೆಯಲ್ಲಿ ಬಿಟ್ಟುಗಳನ್ನು ಕತ್ತರಿಸಬೇಡಿ, ಹತ್ತಿರದ ಸಂಖ್ಯೆಗೆ ಹೊಂದಿಸಿ. ಬರೀ ಕತ್ತರಿಸಿದರೆ ಸರಾಸರಿ ಅರ್ಧ ಬಿಟ್ಟು ಕೆಳಕ್ಕೆ ಜಾರುತ್ತದೆ.

ಪರೀಕ್ಷೆಗೆ ಸೈನ್ ಅಲೆಗಿಂತ ಮೊದಲು ಎಫ್‌ಐಆರ್‌ನ ಬಾಯಿಗೆ ಒಂದೇ ಒಂದು ದೊಡ್ಡ ಸ್ಯಾಂಪಲ್, ಉಳಿದೆಲ್ಲ ಸೊನ್ನೆ ಕೊಡಿ. ಹೊರಗೆ ಬರುವುದು ಗುಣಾಂಕಗಳೇ. ನಿಮ್ಮದು ಎರಡು ಪಟ್ಟು ಇಳಿಸುವ ಹಂತವಾದ್ದರಿಂದ ಒಂದು ಸಲಕ್ಕೆ ಬೆಸ ಸ್ಥಾನದವು ಮಾತ್ರ ಕಾಣುತ್ತವೆ. ಆ ಸ್ಯಾಂಪಲನ್ನು ಒಂದು ಹೆಜ್ಜೆ ತಡವಾಗಿ ಕೊಟ್ಟು ಇನ್ನೊಮ್ಮೆ ಓಡಿಸಿದರೆ ಸರಿ ಸ್ಥಾನದವು ಬರುತ್ತವೆ. ಬರೆದದ್ದಕ್ಕೂ ಬಂದದ್ದಕ್ಕೂ ತಾಳೆಯಾದರೆ ವಿಳಾಸದ ಲೆಕ್ಕ, ಬ್ಯಾಂಕು, ಸಮತೆ ಮೂರೂ ಒಟ್ಟಿಗೆ ಪರೀಕ್ಷೆಯಾದಂತೆ.

ಪ್ರಶ್ನೆ: ಯಾದಗಿರಿ ಜಿಲ್ಲೆಯ ಏತ ನೀರಾವರಿಯ ಒಂದು ಪಂಪ್‌ಹೌಸಿನಲ್ಲಿ ಎಂಟು ಸೆನ್ಸರುಗಳ 4ರಿಂದ 20 ಮಿಲಿಆಂಪಿಯರ್ ಸಂಕೇತಗಳನ್ನು ಸರದಿಯಂತೆ ಒಂದೊಂದನ್ನೇ ಜೋಡಿಸುವ ಮಲ್ಟಿಪ್ಲೆಕ್ಸರಿನ ಮೂಲಕ ಒಂದೇ 24 ಬಿಟ್ಟಿನ ಎಡಿಸಿಗೆ ಕೊಡುತ್ತಿದ್ದೇವೆ. ದರ 50 ಎಂದು ಹೊಂದಿಸಿದ್ದರೂ ಪ್ರತಿ ಸೆನ್ಸರಿಗೆ ಸೆಕೆಂಡಿಗೆ ಎರಡೇ ರೀಡಿಂಗ್ ಸಿಗುತ್ತವೆ. ಇದು ಚಿಪ್ಪಿನ ದೋಷವೇ? ಮತ್ತೆ, ಪಂಪಿನ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್) ಚಾಲೂ ಆದ ಕೂಡಲೇ ಕಾಲುವೆಯ ಮಟ್ಟ ಎರಡು ಸೆಂಟಿಮೀಟರ್ ಏರಿ ಅಲ್ಲಿಯೇ ನಿಲ್ಲುತ್ತದೆ. ಯಾವ ಫಿಲ್ಟರ್ ಹಾಕಬೇಕು?

ಉತ್ತರ: ಮೊದಲನೆಯದು ದೋಷವಲ್ಲ. ಇಂಥ ಚಿಪ್ಪುಗಳ ಒಳಗಿರುವುದು ಸಿಂಕ್ 3 ಅಥವಾ ಸಿಂಕ್ 4 ಎಂಬ ಫಿಲ್ಟರು, ಅಂದರೆ ಸರಳ ಸರಾಸರಿಯನ್ನು ಒಂದರ ಮೇಲೊಂದರಂತೆ ಮೂರು ಅಥವಾ ನಾಲ್ಕು ಸಲ ತೆಗೆಯುವಂಥದ್ದು. ಒಂದೇ ಸೆನ್ಸರನ್ನು ಬಿಡದೆ ಓದುತ್ತಿದ್ದರೆ 20 ಮಿಲಿಸೆಕೆಂಡಿಗೊಂದು ರೀಡಿಂಗ್ ಬರುತ್ತದೆ. ಆದರೆ ಸೆನ್ಸರ್ ಬದಲಿಸಿದೊಡನೆ ಫಿಲ್ಟರಿನೊಳಗೆ ಹಿಂದಿನ ಸೆನ್ಸರಿನ ಅಂಶ ಉಳಿದಿರುತ್ತದೆ; ಅದು ಪೂರ್ತಿ ಹೊರಹೋಗಲು ಸಿಂಕ್ 3ಕ್ಕೆ ಮೂರು ಅವಧಿ, ಸಿಂಕ್ 4ಕ್ಕೆ ನಾಲ್ಕು ಅವಧಿ ಬೇಕು. ಮೂರು ಅವಧಿ 60 ಮಿಲಿಸೆಕೆಂಡು, ಎಂಟು ಸೆನ್ಸರಿಗೆ 480. ನಿಮ್ಮ ಎರಡು ರೀಡಿಂಗಿನ ಲೆಕ್ಕ ಅಲ್ಲಿಗೆ ಸರಿಹೋಯಿತು.

ಇನ್ನೂ ವೇಗ ಬೇಕೆಂದು ದರವನ್ನು 400ಕ್ಕೆ ಏರಿಸಬೇಡಿ, 50 ಹರ್ಟ್ಸ್‌ನ ಸೊನ್ನೆ ಕೈತಪ್ಪುತ್ತದೆ. ನಿಜ ಹೇಳಬೇಕೆಂದರೆ ನಿಮಗೆ ಅಷ್ಟು ವೇಗವೂ ಬೇಕಿಲ್ಲ. ದರವನ್ನು 10ಕ್ಕೆ ಇಳಿಸಿದರೆ ಎಂಟೂ ಸೆನ್ಸರುಗಳ ಸುತ್ತು 2.4 ಸೆಕೆಂಡಿನಲ್ಲಿ ಮುಗಿಯುತ್ತದೆ. ಕಾಲುವೆಯ ನೀರು ಅಷ್ಟರಲ್ಲಿ ಎಲ್ಲಿಗೂ ಹೋಗುವುದಿಲ್ಲ, ಗದ್ದಲವೂ ಕಡಿಮೆಯಾಗುತ್ತದೆ. ಉದಾಹರಣೆಗೆ ಎಡಿ 7190 ಚಿಪ್ಪಿನಲ್ಲಿ 4.92 ಮೆಗಾಹರ್ಟ್ಸ್‌ನ ಗಡಿಯಾರವನ್ನು 1024ರಿಂದಲೂ ನೀವು ಬರೆಯುವ ಸಂಖ್ಯೆಯಿಂದಲೂ ಭಾಗಿಸಿ ದರ ಸಿಗುತ್ತದೆ. 96 ಬರೆದರೆ 50, 480 ಬರೆದರೆ 10. ನಮ್ಮ ಗ್ರಿಡ್ಡಿನ ಆವರ್ತನ 49.90ರಿಂದ 50.05ರ ನಡುವೆ ಇರಬೇಕೆಂಬುದು ನಿಯಮ. 49.90ರಲ್ಲಿ ಸರಳ ಸರಾಸರಿ 54 ಡೆಸಿಬೆಲ್ ಇಳಿಸಿದರೆ ಸಿಂಕ್ 3 ಲೆಕ್ಕದ ಪ್ರಕಾರ ಅದರ ಮೂರು ಪಟ್ಟು ಡೆಸಿಬೆಲ್ ಇಳಿಸುತ್ತದೆ. ಹಾಗಾಗಿ ಗ್ರಿಡ್ಡಿನ ಓಲಾಟಕ್ಕೆ ಸಿಂಕ್ 3 ಧಾರಾಳ ಸಾಕು, ಸಿಂಕ್ 4ರ ಹೆಚ್ಚುವರಿ ಕಾಯುವಿಕೆ ಇಲ್ಲಿ ವ್ಯರ್ಥ.

ಎರಡನೆಯದಕ್ಕೆ ಯಾವ ಫಿಲ್ಟರೂ ಬೇಡ, ಏಕೆಂದರೆ ಯಾವ ಫಿಲ್ಟರೂ ಕೆಲಸ ಮಾಡದು. ಅಂಕಿ ನಡುಗುತ್ತಿದ್ದರೆ ಸೋಸಬಹುದಿತ್ತು. ಏರಿ ನಿಂತದ್ದು ಸ್ಥಿರ ಬೆಲೆ. ನೀರಿನ ಮಟ್ಟವೂ ಸ್ಥಿರ ಬೆಲೆಯೇ, ಎರಡನ್ನೂ ಫಿಲ್ಟರು ಒಂದೇ ರೀತಿ ಒಳಗೆ ಬಿಡುತ್ತದೆ. ವಿಎಫ್‌ಡಿಯ ಕಿಲೋಹರ್ಟ್ಸ್‌ಗಟ್ಟಲೆಯ ಸ್ವಿಚಿಂಗ್ ಸದ್ದು ಎಡಿಸಿಗೂ ಮುಂಚಿನ ಆಂಪ್ಲಿಫೈಯರಿನಲ್ಲೋ ಸೆನ್ಸರಿನಲ್ಲೋ ರೆಕ್ಟಿಫೈ ಆಗಿ ಸ್ಥಿರ ವೋಲ್ಟೇಜಾಗಿದೆ, ಇಲ್ಲವೇ ಕೇಬಲ್ಲಿನ ಶೀಲ್ಡ್ ಎರಡೂ ಕಡೆ ಅರ್ಥಿಗೆ ಸೇರಿ ಅದರಲ್ಲಿ ಕರೆಂಟು ಹರಿಯುತ್ತಿದೆ. ಶೀಲ್ಡನ್ನು ಪ್ಯಾನೆಲ್ ಬದಿಯಲ್ಲಿ ಮಾತ್ರ ಅರ್ಥ್ ಮಾಡಿ, ಸೆನ್ಸರ್ ಕೇಬಲ್ಲನ್ನು ಮೋಟಾರ್ ಕೇಬಲ್ಲಿನ ಟ್ರೇಯಿಂದ ಹೊರಗೆ ತನ್ನಿ. ಪ್ರತಿ ಇನ್‌ಪುಟ್ಟಿಗೆ ಮಲ್ಟಿಪ್ಲೆಕ್ಸರಿಗಿಂತ ಮುಂಚೆ 1 ಕಿಲೋಓಮ್ ಮತ್ತು 100 ನ್ಯಾನೋಫ್ಯಾರಡ್ ಹಾಕಿ. ಡಿಜಿಟಲ್ ಫಿಲ್ಟರು ಮಾಡ್ಯುಲೇಟರಿನ ಗಡಿಯಾರದ ಸುತ್ತಮುತ್ತಲಿನ ಸದ್ದಿಗೆ ಕುರುಡಾಗಿರುತ್ತದೆ, ಅದನ್ನು ತಡೆಯುವ ಹೊಣೆ ಈ ಆರ್‌ಸಿಯದು.

ದೋಷ ಯಾವ ಕಡೆಯದೆಂದು ತಿಳಿಯಲು ಕಾಲುವೆಯ ಬಳಿ ಸೆನ್ಸರನ್ನು ಬಿಚ್ಚಿ, ಅದರ ಎರಡು ತಂತಿಗಳಿಗೆ 2 ಕಿಲೋಓಮ್‌ನ ರೆಸಿಸ್ಟರ್ ಸೇರಿಸಿ. ಪ್ಯಾನೆಲಿನ 24 ವೋಲ್ಟ್ ಮತ್ತು 100 ಓಮ್‌ನ ಅಳತೆಯ ರೆಸಿಸ್ಟರಿದ್ದರೆ ಸುಮಾರು 11.4 ಮಿಲಿಆಂಪಿಯರ್ ಹರಿಯಬೇಕು. ಈಗ ವಿಎಫ್‌ಡಿ ಚಾಲೂ ಮಾಡಿಸಿ. ಅಂಕಿ ಮತ್ತೆ ಏರಿದರೆ ಕೇಬಲ್ಲು ಅಥವಾ ಪ್ಯಾನೆಲಿನ ಕಡೆ ಹುಡುಕಿ. ಏರದಿದ್ದರೆ ಸೆನ್ಸರಿನ ಒಳಗಿನ ಸರ್ಕ್ಯೂಟೇ ಸದ್ದನ್ನು ಹಿಡಿಯುತ್ತಿದೆ, ಅದರ ಲೋಹದ ಕವಚದ ಅರ್ಥಿಂಗನ್ನು ನೋಡಿ.